ಗಂಗವ್ವನ ಹೆಸರಿನ ನೂರು ಲೋಟ

ನಾನು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ನೀರಿನ ಪಂಪಿಗೆ ಹಾಕುವ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದು ಪಕ್ಕಕ್ಕೆ ಹಾಕುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ತಪ್ಪು ಪೀಸೂ ಗೇಟು ದಾಟಿಲ್ಲ ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಅಂಥವನು ಒಂದೇ ಸಲಕ್ಕೆ ನೂರು ತಪ್ಪು ಪೀಸು ಮಾಡಿಸಿ, ಬದುಕಿದ್ದ ಹೆಂಗಸೊಬ್ಬಳನ್ನು ಕೊಂದ ಕಥೆ ಇದು.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದ ಕಾಲ. ನಾನು ಆಗ ಸಂಗೀತಗಾರನೂ ಆಗಿದ್ದೆ. ಯಾವ ಕಂಪನಿಯ ಹಂಗೂ ಇಲ್ಲದ ಸ್ವತಂತ್ರ ಸಂಗೀತಗಾರ. ಅಂದರೆ ಯಾವ ಕಂಪನಿಯೂ ನನ್ನನ್ನು ಕರೆದಿರಲಿಲ್ಲ. ನಮ್ಮದು 'ಪೀಣ್ಯ ಲೋಕೇಶ ಮತ್ತು ತಂಡ'. ಲೋಕೇಶ ನಾನು, ಹಾರ್ಮೋನಿಯಂ ಬಾರಿಸುತ್ತ ಒಂದೆರಡು ಸಾಲು ಹಾಡುತ್ತಲೂ ಇದ್ದೆ. ತಂಡ ಎಂದರೆ ಗಂಗವ್ವ.

ಗಂಗವ್ವ ಹುನಗುಂದದ ಕಡೆಯವಳು. ನಮ್ಮದೇ ಕಾರ್ಖಾನೆಯಲ್ಲಿ ಪೀಸುಗಳ ಅಂಚಿನ ಚೂಪನ್ನು ಅರದಿಂದ ಉಜ್ಜಿ ತೆಗೆಯುತ್ತಿದ್ದಳು. ಉಜ್ಜುತ್ತ ಉಜ್ಜುತ್ತ ಹಾಡುತ್ತಿದ್ದಳು. ಆ ದನಿ ಮೊದಲ ಸಲ ಕೇಳಿದ ದಿನ ನಾನು ಹನ್ನೆರಡು ಪೀಸುಗಳನ್ನು ಅಳತೆ ನೋಡದೆ ಪಾಸು ಮಾಡಿದ್ದೆ. ಅವಳು ಬೇರೆ ಜಾತಿಯ ಯಲ್ಲಪ್ಪನನ್ನು ಮೆಚ್ಚಿ ಮದುವೆಯಾಗಿ ಊರು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಯಲ್ಲಪ್ಪ ಗಾರೆ ಕೆಲಸದವನು. ಊರಿನಲ್ಲಿ ತಾಯಿ ಇದ್ದಳು, ಅಣ್ಣ ಭೀಮಪ್ಪ ಇದ್ದ. ಅಣ್ಣ ಅವಳ ಹೆಸರನ್ನು ಮನೆಯಲ್ಲಿ ಎತ್ತಗೊಡುತ್ತಿರಲಿಲ್ಲವಂತೆ. ಗಂಗವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಇದನ್ನು ನೆನಪಿಡಿ. ನಾನಂತೂ ಚೆನ್ನಾಗಿಯೇ ನೆನಪಿಟ್ಟುಕೊಂಡಿದ್ದೆ.

ಆ ವರ್ಷ ನಮ್ಮ ಏರಿಯಾದ ಕಾರ್ಮಿಕರ ಸಂಘದವರು ನವೆಂಬರ್ ಹದಿಮೂರಕ್ಕೆ ರಾಜ್ಯೋತ್ಸವ ಇಟ್ಟುಕೊಂಡು ನಮಗೆ ಅರ್ಧ ಗಂಟೆ ಕೊಟ್ಟರು. ಈ ಸುದ್ದಿಯನ್ನು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿದ್ದ ಗೆಳೆಯ ಕಿರಣನಿಗೆ ಹೇಳಿದೆ. ಅವನು ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಗಿಟಾರ್ ಕಾರ್ಯಕ್ರಮ ಮಾಡಿಸುವವನು.

"ಹಾಡಿ ಬಂದ್ಬಿಟ್ರೆ ಆಯ್ತಾ ಗುರು? ಮರ್ಚಂಡೈಸ್ ಏನಿಟ್ಟಿದೀಯ?" ಎಂದ.

"ಹಾಗಂದ್ರೆ?"

"ಜನ ಮನೆಗೆ ತಗೊಂಡು ಹೋಗೋಕೆ ಒಂದು ವಸ್ತು ಬೇಕು. ನಿನ್ ಹಾಡು ಅದರಲ್ಲಿರ್ಬೇಕು. ಟೀ ಶರ್ಟ್ ಗೀ ಶರ್ಟ್ ಎಲ್ಲಾ ಹಳೇದಾಯ್ತು. ಮೀನಿಂಗ್‌ಫುಲ್ ಆಗಿರ್ಬೇಕು."

ಅರ್ಥಪೂರ್ಣವಾದ ವಸ್ತು. ಮೂರು ದಿನ ಅದೇ ಯೋಚನೆ. ನಾಲ್ಕನೇ ದಿನ ಹೆಂಡತಿ ಪುಷ್ಪ ಕಾಫಿ ತಂದಿಟ್ಟಳು. ಸ್ಟೀಲ್ ಲೋಟದ ಮೇಲೆ ಅವಳ ಸೋದರತ್ತೆಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ನನಗೆ ಬೆಳಕು ಕಂಡಿತು. ಲೋಟದ ಮೇಲೆ ಹಾಡಿನ ಒಂದು ಸಾಲು, ಗಂಗವ್ವನ ಹೆಸರು. ನೀರು ಕುಡಿಯುವಾಗಲೆಲ್ಲ ಹಾಡು ತುಟಿಗೆ ತಾಗಬೇಕು. ಇದಕ್ಕಿಂತ ಅರ್ಥ ಎಲ್ಲಿಂದ ತರುವುದು?

"ಚೆನ್ನಾಗಿದೆ ರೀ," ಎಂದಳು ಪುಷ್ಪ. "ಆದ್ರೆ ಬರೆದಾದ ಮೇಲೆ ಒಂದು ನೋಡ್ಕೊಂಡು ಬನ್ನಿ."

"ಪುಷ್ಪಾ, ನಾನು ಏನ್ ಕೆಲಸ ಮಾಡೋದು?" ಎಂದು ಕೇಳಿದೆ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಪಾತ್ರೆ ಅಂಗಡಿಯ ಯಜಮಾನರು ವಯಸ್ಸಾದವರು. ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ. 'ಅಳು ಬಂದರ ಹಾಡೇನ. ಗಂಗವ್ವನ ಹಾಡಿನ ನೆನಪಿಗೆ. ಪೀಣ್ಯ ಲೋಕೇಶ ಮತ್ತು ತಂಡ.' ಕೆಳಗೆ ನನ್ನ ಮೊಬೈಲ್ ನಂಬರು. ಯಾರಾದರೂ ಕಾರ್ಯಕ್ರಮಕ್ಕೆ ಕರೆಯುವುದಾದರೆ ಇರಲಿ ಎಂದು. ಯಜಮಾನರು ಓದಿ ಕನ್ನಡಕ ತೆಗೆದರು.

"ಹನ್ನೊಂದಕ್ಕೋ ಹದಿಮೂರಕ್ಕೋ?" ಎಂದು ಮೆಲ್ಲಗೆ ಕೇಳಿದರು.

ಕಾರ್ಯಕ್ರಮದ ದಿನಾಂಕ ಇವರಿಗೂ ಗೊತ್ತಲ್ಲ ಎಂದು ಖುಷಿಯಾಯಿತು. "ಹದಿಮೂರಕ್ಕೆ ಸಾರ್. ತುಂಬಾ ಜನ ಬರ್ತಾರೆ. ನೂರು ಲೋಟ ಬೇಕು."

"ವಯಸ್ಸೆಷ್ಟು?"

"ಮೂವತ್ತೆರಡು."

"ಛೆ ಛೆ," ಎಂದರು. ಇಷ್ಟು ಚಿಕ್ಕ ವಯಸ್ಸಿಗೇ ಇಂಥ ಸಾಧನೆಯೇ ಎಂಬ ಅರ್ಥದಲ್ಲಿ ತೆಗೆದುಕೊಂಡೆ. ಹೊರಡುವಾಗ ಅವರು ನನ್ನ ಕೈ ಹಿಡಿದು, "ಧೈರ್ಯ ತಂದ್ಕೊಳ್ಳಿ" ಎಂದರು. ವೇದಿಕೆ ಹತ್ತುವವನಿಗೆ ಹೇಳುವ ಮಾತೇ ಅಲ್ಲವೇ ಅದು.

ಹದಿಮೂರರ ಮಧ್ಯಾಹ್ನ ಲೋಟಗಳ ಗಂಟನ್ನು ಅಂಗಡಿಯಿಂದ ನೇರವಾಗಿ ವೇದಿಕೆಯ ಪಕ್ಕಕ್ಕೇ ತಂದೆ. ಮೇಜು ಹಾಕಿ, ಬಟ್ಟೆ ಹಾಸಿ, ಗಂಟು ಬಿಚ್ಚಿ ಮೊದಲ ಲೋಟ ಎತ್ತಿಕೊಂಡೆ. 'ದಿ॥ ಗಂಗವ್ವನವರ ಸ್ಮರಣಾರ್ಥ.' ಎರಡನೆಯದು ತೆಗೆದೆ. ದಿವಂಗತ ಗಂಗವ್ವ. ಹತ್ತನೆಯದೂ ಅದೇ. ಕೆಳಗೆ ಹಾಡಿನ ಸಾಲು, ನನ್ನ ಹೆಸರು, ನಂಬರು ಎಲ್ಲ ಒಂದಕ್ಷರ ತಪ್ಪಿಲ್ಲದೆ ಇದ್ದವು. ಅಕ್ಷರ ಕೊರೆಯುವವನು ತಿಥಿಯ ಪಾತ್ರೆಗಳಿಗೆ ಬರೆದು ಬರೆದು ಕೈ ಪಳಗಿದವನು. ಅಳು, ನೆನಪು, ಸತ್ತ ಹದಿಮೂರನೇ ದಿನ ಎಲ್ಲವೂ ಒಟ್ಟಿಗೆ ಸಿಕ್ಕಾಗ ಅವನು ತಾನೇ ಏನು ಮಾಡಿಯಾನು?

ಬೆನ್ನ ಹಿಂದೆ ಗಂಗವ್ವ ನಿಂತಿದ್ದಳು. ಒಗೆದು ಮಡಿಚಿಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಒಂದು ಲೋಟ ಕೈಗೆತ್ತಿಕೊಂಡು ಬೆರಳಿನಿಂದ ಚುಕ್ಕಿಗಳನ್ನು ಸವರಿದಳು.

"ಇದರಾಗ ನನ್ನ ಹೆಸರ ಐತೇನ್ರಿ ಸರ?"

"ಹೂಂ."

"ಎಲ್ಲೈತಿ, ತೋರಸ್ರಿ."

ತೋರಿಸಿದೆ. ಗಂ, ಗ, ವ್ವ. ಅವಳು ಆ ಮೂರು ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. "ನನ್ನ ಲಗ್ನದಾಗ ಒಂದ ಭಾಂಡೆ ಸೈತ ಯಾರೂ ಕೊಡಲಿಲ್ರಿ. ಕೊಟ್ಟಿದ್ರ ಹೆಸರ ಹಾಕಸ್ತಿದ್ರು," ಎಂದಳು. ಆಮೇಲೆ ಬೆರಳು ಹಿಂದಕ್ಕೆ ಸರಿಯಿತು. "ಹೆಸರಿನ ಮುಂದ ಇದೇನ್ರಿ ಸಣ್ಣದು?"

ಹೇಳುವುದಕ್ಕೆ ಅದೇ ಸರಿಯಾದ ಕ್ಷಣವಾಗಿತ್ತು. ಒಂದೇ ಮಾತು. ತಪ್ಪಾಗಿದೆ ಗಂಗವ್ವ. ಆದರೆ ಮೈಕಿನಲ್ಲಿ ನಮ್ಮ ಹೆಸರು ಕೂಗುತ್ತಿದ್ದರು, ಅವಳ ಮುಖ ಹಾಗೆ ಅರಳಿದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮತ್ತು ನಾನು ಹೇಡಿ.

"ಅದು ಗೌರವಕ್ಕೆ ಹಾಕ್ತಾರೆ. ಶ್ರೀಮತಿ ಅಂತಾರಲ್ಲ, ಹಾಗೆ."

"ಹಿಂದಿಂದು?"

"ಅದು ದೊಡ್ಡ ಕಲಾವಿದರಿಗೆ ಹಾಕೋದು."

ಅವಳು ನಾಚಿ ಸೆರಗು ಸರಿಮಾಡಿಕೊಂಡಳು. ಆ ದಿನ ಹಾಡಿದಂತೆ ಅವಳು ಎಂದೂ ಹಾಡಿರಲಿಲ್ಲ. ನಾನು ಹಾರ್ಮೋನಿಯಮ್ಮಿನಲ್ಲಿ ಎರಡು ಕಡೆ ತಪ್ಪಿದೆ. ಹಾಡು ಮುಗಿದ ಮೇಲೆ ಸಂಘದ ಹಿರಿಯರೊಬ್ಬರು ಮೇಜಿನ ಹತ್ತಿರ ಬಂದು ಲೋಟ ಓದಿ, ಹೆಗಲ ಮೇಲೆ ಕೈಯಿಟ್ಟು, "ಗಂಗವ್ವ ಅಂದ್ರೆ ಈ ಹಾಡಿದ ಹೆಣ್ಮಗಳ ತಾಯೇನಪ್ಪಾ?" ಎಂದು ಕೇಳಿದರು. ಹೌದೆಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು. ಕೂಡಲೇ ಲೋಟಗಳನ್ನೆಲ್ಲ ಗಂಟು ಕಟ್ಟಿ ಮೇಜಿನ ಕೆಳಗೆ ತಳ್ಳಿ, ಎಲ್ಲ ಖರ್ಚಾಯಿತು ಎಂದು ಗಂಗವ್ವನಿಗೆ ಹೇಳಿದೆ. ಅವಳು ಆಗಲೇ ಎರಡು ಲೋಟ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ಮನೆಯಲ್ಲಿ ಪುಷ್ಪ ಲೋಟವನ್ನು ತಿರುಗಿಸಿ ತಿರುಗಿಸಿ ಓದಿದಳು.

"ನಾಳೆ ಹೋಗಿ ಅವಳಿಗೆ ಹೇಳ್ಬಿಡಿ," ಎಂದಳು.

"ಹೇಳ್ತೀನಿ. ಸಮಯ ನೋಡ್ಕೊಂಡು ಹೇಳ್ತೀನಿ."

"ಇದಕ್ಕೇನು ಮುಹೂರ್ತ ಬೇಕೇನ್ರೀ?"

ನನ್ನ ಲೆಕ್ಕಾಚಾರ ಬೇರೆ ಇತ್ತು. ಮೊದಲು ತಪ್ಪನ್ನು ಸರಿಪಡಿಸಿ ಆಮೇಲೆ ಹೇಳಿದರೆ ಅದು ತಪ್ಪೇ ಅಲ್ಲ. ಪಕ್ಕದ ರಸ್ತೆಯಲ್ಲಿ ಸ್ಟೀಲಿಗೆ ಪಾಲಿಶ್ ಹಾಕುವ ಷೆಡ್ ಇತ್ತು. ಅಲ್ಲಿನ ಸಲೀಂ ಭಾಯಿಗೆ ಒಂದು ಲೋಟ ಕೊಟ್ಟು, ಮುಂದಿನದೂ ಹಿಂದಿನದೂ ಹೋಗಬೇಕು, ಹೆಸರು ಮಾತ್ರ ಉಳಿಯಬೇಕು ಎಂದೆ. ಅವರು ತಿರುಗುವ ಚಕ್ರಕ್ಕೆ ಲೋಟ ಹಿಡಿದರು. ಮೊದಲು ಗಂಗವ್ವ ಹೋದಳು. ಆಮೇಲೆ ನಾನು ಹೋದೆ. ಆಮೇಲೆ ಲೋಟಕ್ಕೇ ತೂತು ಬಿತ್ತು. 'ದಿ॥' ಮಾತ್ರ ಉಳಿದಿತ್ತು.

ಈ ಮಧ್ಯೆ ನನಗೆ ಗೊತ್ತಿಲ್ಲದ ಹಾಗೆ ಒಂದು ಕೆಲಸ ನಡೆದಿತ್ತು. ಯಲ್ಲಪ್ಪನ ಜೊತೆಯ ಗಾರೆಯವನೊಬ್ಬ ಊರಿಗೆ ಹೊರಟಿದ್ದ. ಗಂಗವ್ವ ಅವನ ಕೈಯಲ್ಲಿ ಒಂದು ಲೋಟ ಕೊಟ್ಟು, ಹೇಗಾದರೂ ತನ್ನ ಅವ್ವನಿಗೆ ತಲುಪಿಸು ಎಂದಿದ್ದಳು. ತನ್ನ ಹೆಸರನ್ನು ದೊಡ್ಡ ಕಲಾವಿದರ ಹಾಗೆ ಬರೆಸಿದ್ದಾರೆಂದು ಅವ್ವ ನೋಡಲಿ ಎಂಬ ಆಸೆ. ಆ ಮನುಷ್ಯ ಭೀಮಪ್ಪನಿಗೆ ಹೆದರಿ ಮನೆಗೆ ಹೋಗದೆ, ಅವರೂರಿನ ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ಲೋಟ ಕೊಟ್ಟು, ಭೀಮಪ್ಪನ ಮನೆಗೆ ಮುಟ್ಟಿಸಿ ಎಂದು ಹೇಳಿ ಮುಂದಿನ ಬಸ್ಸು ಹತ್ತಿಬಿಟ್ಟ. ಅಂಗಡಿಯವನು ಭೀಮಪ್ಪನಿಗೇ ಕೊಟ್ಟ. ಭೀಮಪ್ಪನಿಗೆ ಓದು ಬರುತ್ತಿತ್ತು.

ಎರಡು ದಿನದ ಮೇಲೆ, ಸಂಜೆ ಶಿಫ್ಟ್ ಬಿಟ್ಟ ಹೊತ್ತಿಗೆ, ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಿಂದೆ ಪ್ರೆಸ್ ಮಷಿನ್ನು ಬಡಿಯುತ್ತಿತ್ತು.

"ಗಂಗವ್ವ... ಹ್ವಾದ್ಲೇನ್ರಿ?"

"ಹೂಂ, ಹೋದ್ರು," ಎಂದೆ. ಈಗಷ್ಟೇ ಗೇಟು ದಾಟಿದ್ದಳು.

ಆ ಕಡೆ ಸ್ವಲ್ಪ ಹೊತ್ತು ದನಿಯೇ ಇಲ್ಲ. "ತ್ರಾಸ ಆತೇನ್ರಿ ಅಕಿಗೆ?"

ಅವಳಿಗೆ ಬೆಳಗಿನಿಂದ ನೆಗಡಿ. ಅಭಿಮಾನಿಗಳಿಗೆ ಇದೂ ಗೊತ್ತಾಗಿದೆಯಲ್ಲ ಎಂದುಕೊಂಡೆ. "ಅಂಥದ್ದೇನಿಲ್ಲ. ಗಂಟ್ಲು ಸ್ವಲ್ಪ ಕಟ್ಟಿತ್ತು ಅಷ್ಟೇ. ಕೊನೇವರೆಗೂ ಹಾಡ್ತಾನೇ ಇದ್ರು."

ಆ ಕಡೆ ಯಾರೋ ಮೂಗು ಸೀನಿದ ಸದ್ದು. "ನಾವ ಬರಬೇಕಂತ ಮಾಡೀವ್ರಿ. ಅಕಿ ಮನಿ ಎಲ್ಲೈತಿ?"

"ಧಾರಾಳವಾಗಿ ಬನ್ನಿ. ಭಾನುವಾರ ಬೆಳಿಗ್ಗೆ ಬಂದ್ರೆ ನಾನೂ ಅಲ್ಲೇ ಇರ್ತೀನಿ," ಎಂದು ನೀರಿನ ಟ್ಯಾಂಕು, ಅದರ ಹಿಂದಿನ ಶೀಟಿನ ಮನೆಗಳ ಸಾಲು, ಎಲ್ಲ ಬಿಡಿಸಿ ಹೇಳಿದೆ.

ಮನೆಗೆ ಬಂದು ಪುಷ್ಪನಿಗೆ, ಉತ್ತರ ಕರ್ನಾಟಕದಿಂದ ಕಾರ್ಯಕ್ರಮಕ್ಕೆ ಕರೆಯಲು ಬರುತ್ತಿದ್ದಾರೆ ಎಂದು ಹೇಳಿದೆ.

"ಯಾರು, ಯಾವೂರು ಅಂತ ಕೇಳಿದ್ರಾ?"

"ಎಲ್ಲಿ ಕೇಳೋದು? ಪಾಪ, ಅವರಿಗೆ ಮಾತೇ ಹೊರಡ್ತಿರ್ಲಿಲ್ಲ. ಅಷ್ಟು ಅಭಿಮಾನ."

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಗಂಗವ್ವನ ಮನೆಯ ಮುಂದೆ ಸಿಮೆಂಟ್ ಇಟ್ಟಿಗೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕುಳಿತೆ. ಯಲ್ಲಪ್ಪ ಒಳಗೆ ಮಲಗಿದ್ದ. ಗಂಗವ್ವ ನಲ್ಲಿಗೆ ನೀರಿಗೆ ಹೋಗಿದ್ದಳು. ಅವರಿಗೆ ವಿಷಯ ತಿಳಿಸದೆ, ಬಂದವರು ಬಂದಾಗ ಬೆರಗುಗೊಳಿಸೋಣ ಎಂದುಕೊಂಡಿದ್ದೆ. ಮೂರು ಜನ ಬಂದರು. ಇಬ್ಬರು ಹಿರಿಯರು, ಮುಂದೆ ನಲವತ್ತರ ಆಸುಪಾಸಿನ ಒಬ್ಬ ಗಂಡಸು. ಕೈಯಲ್ಲಿ ಬಟ್ಟೆಯಂಗಡಿಯ ಚೀಲ. ನಾನು ಎದ್ದು ಕೈಮುಗಿದೆ.

"ಬನ್ನಿ ಬನ್ನಿ. ಫೋನಲ್ಲಿ ಮಾತಾಡಿದ್ದು ನಾನೇ."

ಆತ ನನ್ನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದ. "ಕಡೀತನಾ ಅಕೀನ್ನ ನೋಡಿಕೊಂಡ್ರಿ. ನಾ ಅಣ್ಣಾಗಿ ಒಂದ ದಿನಾ ಬರಲಿಲ್ಲ," ಎಂದ. "ಎಲ್ಲಿ ಮಣ್ಣ ಕೊಟ್ರಿ? ತವರಮನಿ ಸೀರಿ ತಂದೀನಿ. ಮಣ್ಣಿನ ಮ್ಯಾಲರ ಹೊದಸ್ತೀನಿ."

ಎಲ್ಲವೂ ಅರ್ಥವಾಗಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಕೊಡ ಹೊತ್ತುಕೊಂಡು ಮೂಲೆ ತಿರುಗಿದಳು.

ಭೀಮಪ್ಪ ನನ್ನ ಕೈ ಬಿಟ್ಟ. ಗಂಗವ್ವ ಕೊಡ ಇಳಿಸಲೂ ಇಲ್ಲ. "ಅಣ್ಣಾ," ಎಂದಳು. "ಅವ್ವ ಹ್ಯಾಂಗದಾಳೋ?"

ಅವನು ಚೀಲದಿಂದ ಲೋಟ ತೆಗೆದು, "ಇದನ್ನ ಬರಸಿದವರು ಯಾರು?" ಎಂದು ಕೇಳಿದ. ಗಂಗವ್ವ ಹೆಮ್ಮೆಯಿಂದಲೇ ನನ್ನ ಕಡೆ ನೋಡಿದಳು. ಆಗ ಭೀಮಪ್ಪ ಅದನ್ನು ಓದಿದ. ದಿವಂಗತ ಎಂದರೆ ಏನು, ಸ್ಮರಣಾರ್ಥ ಎಂದರೆ ಏನು ಎಂದು ಬಿಡಿಸಿ ಹೇಳಿದ.

"ಗೌರವಕ್ಕ ಹಾಕ್ತಾರ ಅಂದಿದ್ರಲ್ರಿ ಸರ," ಎಂದಳು ಗಂಗವ್ವ.

ನಾನು ಅಂಗಡಿ, ಚೀಟಿ, ಹದಿಮೂರು ಎಂದು ಏನೇನೋ ತೊದಲಿದೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹಿರಿಯರಲ್ಲಿ ಒಬ್ಬರು ಭೀಮಪ್ಪನ ಭುಜ ಮುಟ್ಟಿ, "ಜೀವಂತ ಅದಾಳಲ್ಲೋ, ದೇವರ ದೊಡ್ಡಾಂವ. ಒಂದ ಕಪ್ ಚಾ ಕುಡದು ಹೋಗೂನು," ಎಂದರು. ಅಷ್ಟರಲ್ಲಿ ಯಲ್ಲಪ್ಪ ಎದ್ದು ಬಾಗಿಲಿಗೆ ಬಂದಿದ್ದ. ಅವನನ್ನು ನೋಡಿದ ಕೂಡಲೇ ಭೀಮಪ್ಪನ ಮುಖ ಬಿಗಿಯಿತು. ಕಣ್ಣೊರೆಸಿಕೊಂಡ.

"ಸತ್ತಾಳಂತ ಬಂದಿದ್ದೆ," ಎಂದ. "ಅದಾಳ ಅಂದಮ್ಯಾಲ ನನಗೇನ ಕೆಲಸ ಇಲ್ಲಿ?"

"ನಾ ಅದೀನಂತ ಅವ್ವಗ ಹೇಳ್ತೀಯೇನೋ?"

ಅವನು ಯಲ್ಲಪ್ಪನ ಕಡೆಯಿಂದ ಮುಖ ತಿರುಗಿಸಿದ. ಸೀರೆಯ ಚೀಲವನ್ನು ನನ್ನ ಹಾರ್ಮೋನಿಯಮ್ಮಿನ ಪಕ್ಕ ಇಟ್ಟು ಬಂದ ದಾರಿಯಲ್ಲೇ ನಡೆದ. ಹಿರಿಯರು ಎರಡು ಸಲ ತಿರುಗಿ ನೋಡಿದರು. ಅವನು ನೋಡಲಿಲ್ಲ.

ಗಂಗವ್ವ ಕೊಡ ಇಳಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

"ಬರದಾಂವ ತಪ್ಪ ಬರದ, ಇರಲಿ," ಎಂದಳು. "ನನಗ ಓದಾಕ ಬರಂಗಿಲ್ಲಂತ ನಿಮಗ ಗೊತ್ತಿತ್ತಲ್ರಿ ಸರ."

ಸೋಮವಾರ ಅವಳು ಆ ಸೀರೆ ಉಟ್ಟುಕೊಂಡು ಕೆಲಸಕ್ಕೆ ಬಂದಳು. ಹಸಿರು ಸೀರೆ, ಕೆಂಪು ಅಂಚು. ಸತ್ತವರಿಗೆ ತಂದದ್ದನ್ನು ಉಡಬಾರದು ಎಂದು ಜೊತೆಯ ಹೆಂಗಸರು ಗದರಿಸಿದರು. ಅವಳು ಅರ ಉಜ್ಜುತ್ತಲೇ, "ಹನ್ನೊಂದ ವರ್ಷದಾಗ ತವರಿಂದ ಬಂದಿದ್ದು ಇದೊಂದ ಸೀರಿ. ಯಾವದಕ್ಕ ಬಂತು ಅಂತ ಕೇಳಕೋತ ಕುಂಡ್ರಲೇನು?" ಎಂದಳಂತೆ. ಅಂದು ಅವಳು ಹಾಡಲಿಲ್ಲ.

ಪುಷ್ಪ ನನ್ನನ್ನು ಕೂರಗೊಡಲಿಲ್ಲ. ಫೋನ್ ಬಂದಿದ್ದ ನಂಬರಿಗೆ ತಿರುಗಿ ಮಾಡಿಸಿದಳು. ಅದು ಅದೇ ಚಹಾದಂಗಡಿ. ಅಂಗಡಿಯವನು ಒಳ್ಳೆಯ ಮನುಷ್ಯ. ಭೀಮಪ್ಪ ಊರಿಗೆ ಬಂದು ಬಾಯಿ ಬಿಟ್ಟಿಲ್ಲ, ಮುದುಕಿ ಆ ಲೋಟ ಬಂದ ದಿನದಿಂದ ಸರಿಯಾಗಿ ಉಂಡಿಲ್ಲ ಎಂದ. ಮಗಳು ಬದುಕಿದ್ದಾಳೆಂದು ನೀವೇ ಹೇಳಿ ಎಂದೆ. ಹೇಳಿದನಂತೆ. ತನ್ನನ್ನು ಸಮಾಧಾನ ಮಾಡಲು ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಎಂದು ಮುದುಕಿ ನಂಬಲಿಲ್ಲವಂತೆ. ಕಡೆಗೆ ಬುಧವಾರದ ಸಂತೆಗೆ ಭೀಮಪ್ಪ ಹೋದ ಹೊತ್ತಿನಲ್ಲಿ ಅವಳನ್ನು ಅಂಗಡಿಗೆ ಕರೆತರುವುದಾಗಿ ಒಪ್ಪಿದ.

ಬುಧವಾರ ಊಟದ ಬಿಡುವಿನಲ್ಲಿ ಪುಷ್ಪ ಕಾರ್ಖಾನೆಯ ಗೇಟಿಗೆ ಬಂದಳು. ನನ್ನ ಫೋನನ್ನು ಗಂಗವ್ವನ ಕಿವಿಗೆ ಹಿಡಿದಳು. "ಅವ್ವಾ, ನಾ ಗಂಗಿ," ಎಂದು ಗಂಗವ್ವ ಎಷ್ಟು ಕೂಗಿದರೂ ಆ ಕಡೆಯಿಂದ, "ಯಾರಬೇ ನೀನು? ಸತ್ತಾಕಿ ಹೆಸರ ಹೇಳಬ್ಯಾಡ," ಎಂಬ ಮಾತೇ ಬರುತ್ತಿತ್ತು. ಗಂಗವ್ವ ಕೂಗುವುದು ಬಿಟ್ಟಳು. ಆಮೇಲೆ ಹಾಡಲು ಶುರುಮಾಡಿದಳು.

ಗಾಳಿ ಬೀಸಿದರ ಜೋಳ ತೂರೇನ
ಅಳು ಬಂದರ ಹಾಡೇನ

ಅವಳು ಮುಂದಿನ ಸಾಲಿಗೆ ಹೋಗುವ ಮೊದಲೇ ಫೋನಿನಿಂದ ಮುದುಕಿಯ ದನಿ ನಮಗೂ ಕೇಳುವಷ್ಟು ಜೋರಾಗಿ ಬಂತು.

"ಹಂಗಲ್ಲಬೇ ಗಂಗಿ. ಅಳು ಬಂದರ ಬೀಸೇನ. ಅಳು ಬಂದಾಗ ಯಾರ ಹಾಡ್ತಾರ? ಬೀಸ್ತಾರ. ಯಾರ ಕಲಿಸಿದ್ರು ನಿನಗ ಇದನ್ನ?"

ಗಂಗವ್ವ ನೆಲದ ಮೇಲೆ ಕುಳಿತು ಅತ್ತಳು. ಆ ಕಡೆ ಮುದುಕಿಯೂ ಅಳುತ್ತಿದ್ದಳು, ನಡುನಡುವೆ ಸಾಲು ತಿದ್ದುತ್ತಿದ್ದಳು. ಪುಷ್ಪ ನನ್ನ ಮುಖ ನೋಡಿದಳು. ಬೀಸುಕಲ್ಲಿನಲ್ಲಿ ಬೀಸುವುದು ಈಗಿನವರಿಗೆ ತಿಳಿಯುವುದಿಲ್ಲ, ಹಾಡುವುದು ಎಂದರೆ ಇನ್ನೂ ಅರ್ಥಪೂರ್ಣ ಎಂದು ಆ ಮಾತು ಬದಲಾಯಿಸಿ ಗಂಗವ್ವನಿಗೆ ಹೇಳಿಕೊಟ್ಟವನು ನಾನೇ. ಕ್ವಾಲಿಟಿ ಇನ್ಸ್‌ಪೆಕ್ಟರ್.

ಅದಾದ ಮೇಲೆ ತಾಯಿ ಮಗಳು ಸಂತೆಯ ದಿನ ಹೀಗೆ ಕದ್ದು ಮಾತಾಡುತ್ತಿದ್ದರು. ಬಹಳ ದಿನ ಅಲ್ಲ, ಮುಂದಿನ ಬೇಸಿಗೆಯಲ್ಲಿ ಮುದುಕಿ ತೀರಿಕೊಂಡಳು. ಭೀಮಪ್ಪ ತಿಳಿಸಲಿಲ್ಲ, ಅಂಗಡಿಯವನು ತಿಳಿಸಿದ. ಯಲ್ಲಪ್ಪನನ್ನು ಇಲ್ಲೇ ಬಿಟ್ಟು ಗಂಗವ್ವ ಒಬ್ಬಳೇ ಹೋಗಿಬಂದಳು. ಮಣ್ಣಿನ ಹತ್ತಿರ ಹೋಗಗೊಟ್ಟರೋ ಇಲ್ಲವೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನನ್ನ ಜೊತೆ ಅವಳು ಮತ್ತೆ ಹಾಡಲಿಲ್ಲ. ತಂಡದಲ್ಲಿ ಒಬ್ಬನೇ ಉಳಿದೆ. ಒಂದು ದಿನ ಧೈರ್ಯ ಮಾಡಿ, "ಗಂಗವ್ವ, ನಿಮಗೆ ನಾನು ಓದೋದು ಕಲಿಸ್ಲಾ?" ಎಂದು ಕೇಳಿದೆ.

"ಬ್ಯಾಡ್ರಿ ಸರ. ಅಕ್ಕಾರು ಕಲಸ್ತೀನಂದಾರ," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ.

ಭಾನುವಾರದ ಬೆಳಿಗ್ಗೆ ಅವಳು ನಮ್ಮ ಮನೆಗೆ ಬರತೊಡಗಿದಳು. ಪುಷ್ಪ ಮೆಟ್ಟಿಲ ಮೇಲೆ ಸ್ಲೇಟು ಹಿಡಿದು ಕೂರಿಸಿಕೊಂಡು ಕಲಿಸುತ್ತಿದ್ದಳು. ನಾನು ಒಳಗೇ ಇರುತ್ತಿದ್ದೆ. ಮೂರು ತಿಂಗಳಾಗಿರಬೇಕು. ಒಂದು ಭಾನುವಾರ ಪುಷ್ಪ, ಸ್ಲೇಟು ಸಾಕು, ಇವತ್ತು ಹೊರಗೆ ಏನು ಕಾಣುತ್ತದೋ ಅದನ್ನು ಓದು ಎಂದಳು. ಗಂಗವ್ವ ಎದುರು ಮನೆಯ ಗೇಟು ಓದಿದಳು. ಅಂಗಡಿಯ ಬೋರ್ಡು ಓದಿದಳು. ಆಮೇಲೆ ತಿರುಗಿ ನಮ್ಮ ಬಾಗಿಲಿನ ಮೇಲೆ ನಾನು ಬರೆಸಿ ಹಾಕಿದ್ದ ಹಲಗೆಯನ್ನು ಓದತೊಡಗಿದಳು.

"ಪೀ... ಣ್ಯ. ಲೋ... ಕೇ... ಶ. ಗಾ... ಯ..."

ಅಲ್ಲಿಗೆ ನಿಲ್ಲಿಸಿದಳು. "ಗಾಯ ಅಂದ್ರ ಪೆಟ್ಟ ಬಿದ್ದ ಗಾಯಾನ ಹೌದಲ್ರಿ ಅಕ್ಕಾರ?"

ಪುಷ್ಪ ತಲೆಯೆತ್ತಿ ಹಲಗೆಯ ಕಡೆ ನೋಡಿದಳು.

"ಹೂಂ," ಎಂದಳು. "ಸರಿಯಾಗಿ ಓದ್ದೆ."

ಗಾಯಕ ಆಗಲು ಇನ್ನೂ ಒಂದು ಅಕ್ಷರ ಉಳಿದಿತ್ತು. ನಾನು ಬಾಗಿಲ ಹಿಂದೆ ನಿಂತು ಕಾದೆ. ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತೆಂದು ಯಾರೋ ಕೂಗಿದರು. ಇಬ್ಬರೂ ಬಿಂದಿಗೆ ತೆಗೆದುಕೊಂಡು ಎದ್ದು ಹೋದರು.